ಹಿಂದಕ್ಕೆ ಸರಿಸುವ ವಿದ್ಯೆ



ದೀಪಾವಳಿ ಸಮೀಪಿಸಿತೆಂದರೆ ನಮ್ಮ ಜತ್ತ ತಾಲೂಕಿನ ಹಳ್ಳಿಗಳಲ್ಲಿ ಗಂಟುಮೂಟೆ ಕಟ್ಟುವ ಗಡಿಬಿಡಿ ಆರಂಭವಾಗುತ್ತದೆ. ಮಳೆಯನ್ನೇ ನಂಬಿದ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲೆಂದು ಕೃಷ್ಣೆಯ ದಂಡೆಯ ಊರುಗಳತ್ತ ಹೊರಡುತ್ತವೆ. ನಿಮ್ಮಲ್ಲಿ ಕೆಲವರ ಅಣ್ಣಂದಿರು, ಕಾಕಾಗಳು ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಡ್ರೈವರರಾಗಿದ್ದಾರೆ. ಹಾಡು ಹಚ್ಚಿಕೊಂಡು, ಹಿಂದೆ ಎರಡು ಟ್ರಾಲಿ ಎಳೆದುಕೊಂಡು ಸಾಗುವ ಟ್ರ್ಯಾಕ್ಟರನ್ನು ನೀವು ಕಣ್ತುಂಬ ನೋಡಿದ್ದೀರಿ. ಆದರೆ ಅದೇ ಟ್ರಾಲಿಯನ್ನು ಹಿಂದಕ್ಕೆ ಸರಿಸಿ ಇಕ್ಕಟ್ಟಾದ ಜಾಗದಲ್ಲಿ ನಿಲ್ಲಿಸುವುದನ್ನು ಎಂದಾದರೂ ಗಮನವಿಟ್ಟು ನೋಡಿದ್ದೀರಾ? ಡ್ರೈವರನ ನಿಜವಾದ ಪರೀಕ್ಷೆ ಅಲ್ಲಿಯೇ ಇದೆ.

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಊರಾಚೆಯ ಬೀಳು ಹೊಲದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ, ತಲೆಯ ಮೇಲೆ ಕೈಹೊತ್ತು ಕುಳಿತಿದ್ದ. ಮುಂದಿನ ಹಂಗಾಮಿಗೆ ಸೋದರಮಾವನ ಟ್ರ್ಯಾಕ್ಟರ್ ನಡೆಸುವ ಕೆಲಸ ಅವನಿಗೆ ಗೊತ್ತಾಗಿತ್ತು. ಲೈಸನ್ಸ್ ಇತ್ತು, ಮುಂದಕ್ಕೆ ಚೆನ್ನಾಗಿಯೇ ನಡೆಸುತ್ತಿದ್ದ. ಆದರೆ ಹಿಂದಿನ ದಿನ ಟ್ರಾಲಿ ಹಿಂದಕ್ಕೆ ತೆಗೆಯಲು ಹೋಗಿ ಒಬ್ಬ ರೈತರ ಹೊಲದ ಕಲ್ಲಿನ ಒಡ್ಡು ಕೆಡವಿದ್ದನಂತೆ.

“ಸರ್, ಈ ಟ್ರಾಲಿ ನನ್ನ ಮಾತ ಕೇಳವಲ್ದರೀ. ಎಡಕ್ಕ ತಿರುವಿದ್ರ ಬಲಕ್ಕ ಹೊಕ್ಕೈತಿ. ಮಾವಗ ಚಾವಿ ಕೊಟ್ಟು ಬಿಡ್ತೀನ್ರಿ. ಇದು ನನ್ನ ಕೈಲೆ ಆಗೂದಲ್ಲ,” ಎಂದ.

“ಸಮಾಧಾನ ತಗೋ ತಮ್ಮಾ, ಸಿಟ್ಟು ಮಾಡಿಕೊಂಡ್ರ ವಿದ್ಯಾ ಬರತೈತೇನು?” ಎಂದು ಮೇಷ್ಟರ ಧಾಟಿಯಲ್ಲಿ ಉಪದೇಶ ಮಾಡಿದೆ. ಅವನು ವಿನಯದಿಂದಲೇ, “ನೀವ ಒಮ್ಮೆ ಕುಂತು ನೋಡ್ರಿ ಸರ್,” ಎಂದ. ಕುಳಿತೆ. ಕಾಲು ಗಂಟೆಯೊಳಗೆ ನನ್ನ ಅಂಗಿ ಬೆವರಿನಿಂದ ತೊಯ್ದಿತ್ತು. ಟ್ರಾಲಿ ಮೂರು ಸಲ ಅಡ್ಡ ತಿರುಗಿ ನಿಂತಿತ್ತು. ನಾಲ್ಕನೆಯ ಸಲ ನಾನು ಸ್ಟೇರಿಂಗ್ ಚಕ್ರವನ್ನು ಗುದ್ದಿದೆ. ಇಷ್ಟು ವರ್ಷ ಮಕ್ಕಳಿಗೆ ತಾಳ್ಮೆ ಬೋಧಿಸಿದ ನನಗೆ ಅಂದು ನಾಚಿಕೆಯಾಯಿತು. ಇದೇಕೆ ಹೀಗಾಗುತ್ತದೆಂದು ಆಮೇಲೆ ಇಬ್ಬರೂ ಕುಳಿತು ವಿಚಾರ ಮಾಡಿದೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಟ್ರ್ಯಾಕ್ಟರಿಗೂ ಟ್ರಾಲಿಗೂ ನಡುವೆ ಇರುವುದು ಒಂದು ಹುಕ್ಕು, ಒಂದು ಪಿನ್ನು. ಅಲ್ಲಿ ಟ್ರಾಲಿ ಬಾಗಿಲಿನಂತೆ ತಿರುಗಬಲ್ಲದು. ಮುಂದಕ್ಕೆ ಎಳೆಯುವಾಗ ಅದು ಸ್ವಲ್ಪ ಸೊಟ್ಟಗಾದರೂ ಎಳೆತವೇ ಅದನ್ನು ನೆಟ್ಟಗೆ ಮಾಡುತ್ತದೆ. ಹಿಂದಕ್ಕೆ ತಳ್ಳುವಾಗ ಇದರ ವಿರುದ್ಧ. ಸೊಟ್ಟಗಾದದ್ದು ಇನ್ನಷ್ಟು ಸೊಟ್ಟಗಾಗುತ್ತ ಹೋಗುತ್ತದೆ. ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿ ಹಿಂದೆ ಸರಿದರೆ ಟ್ರ್ಯಾಕ್ಟರಿನ ಹಿಂಭಾಗ ಎಡಕ್ಕೆ ಹೋಗುತ್ತದೆ. ಅದರೊಡನೆ ಟ್ರಾಲಿಯ ಮೂತಿಯೂ ಎಡಕ್ಕೆ ಸರಿಯುತ್ತದೆ. ಟ್ರಾಲಿ ತನ್ನ ಗಾಲಿಗಳ ಮೇಲೆ ತಿರುಗುವುದರಿಂದ ಅದರ ಬಾಲ ಬಲಕ್ಕೆ ಹೋಗುತ್ತದೆ. ಕೋನ ಒಂದು ಮಿತಿಯನ್ನು ದಾಟಿತೆಂದರೆ ಸ್ಟೇರಿಂಗನ್ನು ಎತ್ತ ತಿರುಗಿಸಿದರೂ ಉಪಯೋಗವಿಲ್ಲ. ಟ್ರ್ಯಾಕ್ಟರೂ ಟ್ರಾಲಿಯೂ ಚಾಕು ಮಡಚಿದಂತೆ ಮಡಚಿಕೊಳ್ಳುತ್ತವೆ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಅಂಗೈಯ ಮೇಲೆ ಒಂದು ಉದ್ದನೆಯ ಕೋಲನ್ನು ನೆಟ್ಟಗೆ ನಿಲ್ಲಿಸಿರಿ. ಅದು ವಾಲಿದತ್ತ ಕೈಯನ್ನು ಸರಿಸುತ್ತಿದ್ದರೆ ನಿಲ್ಲುತ್ತದೆ. ಈಗ ಪೆನ್ಸಿಲನ್ನು ನಿಲ್ಲಿಸಿ ನೋಡಿರಿ. ನಿಮ್ಮ ಕೈ ಅಲುಗುವ ಮೊದಲೇ ಅದು ಬಿದ್ದಿರುತ್ತದೆ. ಗಿಡ್ಡ ಟ್ರಾಲಿ ಪೆನ್ಸಿಲಿನಂತೆ, ಬಹು ಬೇಗ ತಿರುಗಿಬಿಡುತ್ತದೆ. ಬಂದರಿಗೆ 40 ಅಡಿಯ ಕಂಟೇನರ್ ಒಯ್ಯುವ ಟ್ರೇಲರ್ ಲಾರಿ ಉದ್ದ ಕೋಲಿನಂತೆ, ನಿಧಾನವಾಗಿ ತಿರುಗುತ್ತದೆ. ಅಮೆರಿಕದ ರಸ್ತೆಗಳಲ್ಲಿ 53 ಅಡಿ ಉದ್ದದ ಟ್ರೇಲರುಗಳೇ ಸಾಮಾನ್ಯ. ಅಲ್ಲಿ ಹೊಸದಾಗಿ ಕಲಿಯುವವರನ್ನು ಕಾಡುವ ಕಷ್ಟವೂ ಇದೇ. ತಪ್ಪು ತಡವಾಗಿ ಕಾಣುತ್ತದೆ, ತಿದ್ದಿದ್ದು ಇನ್ನೂ ತಡವಾಗಿ ಕಾಣುತ್ತದೆ. ಅಷ್ಟರಲ್ಲಿ ಅವಸರದವನು ಮತ್ತಷ್ಟು ತಿರುಗಿಸಿಬಿಟ್ಟಿರುತ್ತಾನೆ. ಇನ್ನು ಎರಡು ಟ್ರಾಲಿ ಜೋಡಿಸಿದ್ದರೆ ಕೋಲಿನ ತುದಿಗೆ ಮತ್ತೊಂದು ಕೋಲು ನಿಲ್ಲಿಸಿದಂತೆ. ಆಗ ಹಿಂದಿನ ಟ್ರಾಲಿಯ ಪಿನ್ನು ಕಳಚುವುದೇ ಜಾಣತನ.

ಈಗ ಸಿಟ್ಟಿನ ಮಾತು. ಮುಂದಕ್ಕೆ ಓಡಿಸಲು ಬಾರದವನಿಗಿಂತ ಚೆನ್ನಾಗಿ ಬರುವವನಿಗೇ ಇಲ್ಲಿ ಹೆಚ್ಚು ಸಿಟ್ಟು ಬರುತ್ತದೆ. ಕಾರಣ, ಅವನ ಕೈಗೆ ರೂಢಿಯಾದ ವಿದ್ಯೆಯೇ ಅಡ್ಡ ಬರುತ್ತದೆ. ನಾನು ಬಾಲಕನಾಗಿದ್ದಾಗ ಮರಾಠಿ ತರಗತಿಯಲ್ಲಿ “ಮಾಝೀ ಶಾಳಾ” ಎನ್ನುವ ಬದಲು “ಮಾಝಾ ಶಾಳಾ” ಎಂದು ನಗೆಗೀಡಾಗಿದ್ದೆ. ಕನ್ನಡದಲ್ಲಿ ಶಾಲೆಯೂ ಕಲ್ಲೂ ಪುಸ್ತಕವೂ ನಪುಂಸಕಲಿಂಗವೇ. ಮರಾಠಿಯಲ್ಲಿ ಶಾಲೆ ಸ್ತ್ರೀಲಿಂಗ, ಕಲ್ಲು ಪುಲ್ಲಿಂಗ, ಪುಸ್ತಕ ನಪುಂಸಕಲಿಂಗ. ಅಂದು ನಾನು ದಡ್ಡನಾಗಿದ್ದೆನೆಂದಲ್ಲ. ನನ್ನ ನಾಲಗೆ ಕನ್ನಡದ ದಾರಿಯಲ್ಲಿ ನಡೆಯುತ್ತಿತ್ತು, ಅಷ್ಟೆ. ಟ್ರಾಲಿಯ ಮುಂದೆ ಸೋತವನೂ ದಡ್ಡನಲ್ಲ. ಈ ಒಂದು ಮಾತು ಮನಸ್ಸಿಗೆ ಹತ್ತಿದರೆ ಅರ್ಧ ಸಿಟ್ಟು ಇಳಿಯುತ್ತದೆ.

ಉಳಿದರ್ಧಕ್ಕೆ ಅನುಭವಿಗಳು ಹೇಳುವ ಉಪಾಯಗಳಿವೆ.

ಮೊದಲನೆಯದು, ನಿಧಾನ. ಗಾಡಿ ಆಮೆಯಂತೆ ಸರಿಯಬೇಕು. ಸ್ಟೇರಿಂಗನ್ನು ಸ್ವಲ್ಪವೇ ತಿರುಗಿಸಿ, ಟ್ರಾಲಿ ಏನು ಮಾಡುತ್ತದೆಂದು ಕಾದು ನೋಡಬೇಕು.

ಎರಡನೆಯದು, ಕೈಯನ್ನು ಸ್ಟೇರಿಂಗ್ ಚಕ್ರದ ಕೆಳಗಿನ ಅಂಚಿನಲ್ಲಿ, ಅಂದರೆ ಹೊಟ್ಟೆಯ ಕಡೆಗೆ, ಹಿಡಿಯುವುದು. ಆಗ ಟ್ರಾಲಿಯ ಬಾಲ ಎಡಕ್ಕೆ ಬೇಕಾದರೆ ಕೈಯನ್ನೂ ಎಡಕ್ಕೆ, ಬಲಕ್ಕೆ ಬೇಕಾದರೆ ಬಲಕ್ಕೆ ಸರಿಸಿದರಾಯಿತು. ತಲೆಯಲ್ಲಿಯ ಗೊಂದಲ ಕಡಿಮೆಯಾಗುತ್ತದೆ.

ಮೂರನೆಯದು, ಟ್ರಾಲಿ ತಿರುಗತೊಡಗಿದ ಕೂಡಲೆ ಸ್ಟೇರಿಂಗನ್ನು ವಿರುದ್ಧ ದಿಕ್ಕಿಗೆ ತಂದು, ಟ್ರ್ಯಾಕ್ಟರು ಟ್ರಾಲಿಯ ಬೆನ್ನು ಹತ್ತುವಂತೆ ಮಾಡುವುದು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಕೋನ ಕೆಟ್ಟಿತೆಂದು ತಿಳಿದೊಡನೆ ನಿಲ್ಲಿಸಿ, ಮುಂದಕ್ಕೆ ಹೋಗಿ, ನೆಟ್ಟಗೆ ಮಾಡಿಕೊಂಡು ಮತ್ತೆ ಮೊದಲಿನಿಂದ ಆರಂಭಿಸುವುದು. ಇದರಲ್ಲಿ ಅವಮಾನವೇನೂ ಇಲ್ಲ. ನುರಿತ ಡ್ರೈವರರೂ ದಿನಾಲು ಹೀಗೆಯೇ ಮಾಡುತ್ತಾರೆ. ಕೆಟ್ಟ ಕೋನವನ್ನು ಹಟದಿಂದ ಅಲ್ಲಿಯೇ ಸರಿಪಡಿಸಹೊರಟವನೇ ಒಡ್ಡು ಕೆಡವುತ್ತಾನೆ.

ಒಡ್ಡನ್ನಾದರೂ ಮತ್ತೆ ಕಟ್ಟಬಹುದು. ಆದರೆ ಟ್ರಾಲಿಯ ಹಿಂದೆ ಡ್ರೈವರನ ಕಣ್ಣಿಗೆ ಬೀಳದ ಜಾಗವೊಂದಿದೆ. ಕಬ್ಬಿನ ಗ್ಯಾಂಗಿನವರ ಗುಡಿಸಲುಗಳ ಸುತ್ತ ಸಣ್ಣ ಮಕ್ಕಳು ಆಡುತ್ತಿರುತ್ತವೆ. ಸಿಟ್ಟಿನಲ್ಲಿದ್ದವನು ಒಮ್ಮೆಗೇ ಕ್ಲಚ್ ಬಿಡುತ್ತಾನೆ, ಹಿಂದೆ ನೋಡುವುದನ್ನು ಮರೆಯುತ್ತಾನೆ. ಆದ್ದರಿಂದ ಸಿಟ್ಟು ಬಂದಾಗ ಮಾಡಬೇಕಾದದ್ದು ಒಂದೇ. ಗಾಡಿ ನಿಲ್ಲಿಸಿ, ಬ್ರೇಕ್ ಹಾಕಿ, ಕೆಳಗಿಳಿದು ಹಿಂದೆ ಹೋಗಿ ನೋಡಿ ಬರುವುದು. ಇದರಿಂದ ಜಾಗವೂ ತಿಳಿಯುತ್ತದೆ, ಮನಸ್ಸೂ ತಣ್ಣಗಾಗುತ್ತದೆ. “ಬರಲಿ, ಬರಲಿ” ಎನ್ನುವ ಕ್ಲೀನರ್ ಡ್ರೈವರನಿಗೆ ಕಾಣುವ ಹಾಗೆ ಪಕ್ಕದಲ್ಲಿ ನಿಲ್ಲಬೇಕೇ ಹೊರತು ಟ್ರಾಲಿಯ ಬೆನ್ನಿಗೆ ನಿಲ್ಲಬಾರದು. ಅವನು ಕಣ್ಣಿಗೆ ಮರೆಯಾದರೆ ಗಾಡಿ ನಿಲ್ಲಲೇಬೇಕು. ಮಕ್ಕಳೇ, ಹಿಂದಕ್ಕೆ ಬರುತ್ತಿರುವ ಟ್ರಾಲಿಯ ಬಳಿ ನೀವೂ ಸುಳಿಯಬೇಡಿರಿ. 1988ರ ಮೋಟಾರು ವಾಹನ ಕಾಯ್ದೆಯಂತೆ 18 ವರ್ಷ ತುಂಬದವರು ರಸ್ತೆಯಲ್ಲಿ ಟ್ರ್ಯಾಕ್ಟರ್ ನಡೆಸುವಂತಿಲ್ಲ. ಬಾಡಿಗೆಯ ಸರಕು ಸಾಗಿಸುವ ವಾಹನಗಳಿಗೆ 20 ವರ್ಷ ತುಂಬಿರಬೇಕು. ನಿಮ್ಮ ಸರದಿ ಬರುವವರೆಗೆ ಕಾಯಿರಿ.

ಆ ಹುಡುಗ ಚಾವಿ ಹಿಂತಿರುಗಿಸಲಿಲ್ಲ. ಮೊದಲು ಹೋಗಿ ಕೆಡವಿದ ಒಡ್ಡನ್ನು ತಾನೇ ಕಟ್ಟಿಕೊಟ್ಟ. ಬಳಿಕ ಬೀಳು ಹೊಲದಲ್ಲಿ ನಾಲ್ಕು ಗೂಟ ನೆಟ್ಟು, ಬೆಳಿಗ್ಗೆ ತಂಪು ಹೊತ್ತಿನಲ್ಲಿ ಅರ್ಧ ತಾಸು ಮಾತ್ರ ಅಭ್ಯಾಸ ಮಾಡತೊಡಗಿದ. ತಲೆ ಬಿಸಿಯಾದರೆ ಅಂದಿಗೆ ಮುಗಿಯಿತು. ಎಂಟು ದಿನಗಳಲ್ಲಿ ನೆಟ್ಟಗೆ ಹಿಂದೆ ಬರುವುದು ಕೈಗೂಡಿತು. ತಿರುವಿನಲ್ಲಿ ಇನ್ನೂ ಎರಡು ಮೂರು ಸಲ ಮುಂದೆ ಹೋಗಿ ಬರುತ್ತಾನೆ. “ಈಗ ಸಿಟ್ಟು ಬರೂದಿಲ್ಲೇನೋ?” ಎಂದು ಕೇಳಿದೆ. “ಬರತೈತ್ರಿ ಸರ್. ಬಂದಾಗ ಇಳಿದು ನಿಂದರತೀನಿ,” ಎಂದು ನಕ್ಕ.

ಗಣಿತದ ಲೆಕ್ಕ ತಪ್ಪಿದಾಗ ಪುಟವನ್ನೇ ಹರಿದೆಸೆಯುವ ಹುಡುಗರು ನಮ್ಮ ಶಾಲೆಯಲ್ಲಿದ್ದಾರೆ. ಅವರಿಗೆ ಈಗ ನಾನು “ತಾಳಿದವನು ಬಾಳಿಯಾನು” ಎಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಎಲ್ಲಿ ಸೊಟ್ಟಗಾಯಿತು ನೋಡು, ಅಲ್ಲಿಯವರೆಗೆ ಹೋಗು, ನೆಟ್ಟಗೆ ಮಾಡಿಕೊಂಡು ಮತ್ತೆ ಬಾ ಎನ್ನುತ್ತೇನೆ. ಈ ಪಾಠ ನನಗೆ ಕಲಿಸಿದವನು ನಾನೇ ಕಲಿಸಿದ ಹುಡುಗ.