ಫಲದ ಆಸೆ, ಪೂಜೆಯ ನಿಷ್ಠೆ

ಕುಶಾಲನಗರದ ಸದ್ಭಕ್ತರೊಬ್ಬರ ಮನೆಗೆ ನಾವು ಪ್ರಸಾದಕ್ಕೆ ಹೋಗಿದ್ದೆವು. ಆ ಮನೆಯ ಬಾಲಕನು ಇಷ್ಟಲಿಂಗ ಪೂಜೆಯನ್ನು ಬಿಟ್ಟು ಎರಡು ತಿಂಗಳಾಗಿತ್ತು. ಕಾರಣ ಕೇಳಲು ಅಳುಕದೆ ಹೇಳಿದ: "ಪೂಜೆ ಮಾಡಿದರೆ ಫಸ್ಟ್ ಕ್ಲಾಸ್ ಬರುತ್ತೆ ಅಂತ ಅಮ್ಮ ಹೇಳಿದ್ದರು, ತಾತ. ಬರಲಿಲ್ಲ." ತಾಯಿ ತಲೆ ತಗ್ಗಿಸಿದರು. ತಪ್ಪು ಬಾಲಕನದಲ್ಲ. ಹಿರಿಯರಾದ ನಾವು ಅವನಿಗೆ ಪೂಜೆಯ ಹೆಸರಿನಲ್ಲಿ ವ್ಯಾಪಾರವನ್ನು ಕಲಿಸಿದ್ದೆವು.

ಪ್ರತಿಫಲವು ವಿಧೇಯತೆಯನ್ನು ಬೆಳೆಸುತ್ತದೆಂಬುದಕ್ಕೆ ಕೊಡಗಿನ ಚರಿತ್ರೆಯೇ ಸಾಕ್ಷಿ. ಹಾಲೇರಿಯ ವೀರಶೈವ ಅರಸರ ಕಾಲದಲ್ಲಿ ಜಮ್ಮಾ ಭೂಮಿಯ ಕುಟುಂಬಗಳು ಅರಸರಿಗೆ ಸೈನಿಕ ಸೇವೆ ಸಲ್ಲಿಸಬೇಕಿತ್ತು. ಪ್ರತಿಯಾಗಿ ಅವರ ಕಂದಾಯ ಸಾಗು ಭೂಮಿಯದರ ಅರ್ಧದಷ್ಟೇ. 1834ರಲ್ಲಿ ಚಿಕ್ಕವೀರರಾಜೇಂದ್ರನು ಪದಚ್ಯುತನಾದ ಮೇಲೆ ಬ್ರಿಟಿಷರು ಜಮ್ಮಾ ಹಕ್ಕನ್ನು ಉಳಿಸಿದರು. 1837ರ ದಂಗೆಯಲ್ಲಿ ತಮಗೆ ನೆರವಾದವರಿಗೆ ಪದಕಗಳನ್ನೂ ಕೊಟ್ಟರು. ಕುಶಾಲನಗರವು ಫ್ರೇಸರ್‌ಪೇಟೆ ಎನಿಸಿಕೊಂಡದ್ದೂ 1834ರಲ್ಲಿ ಬಂದ ಕರ್ನಲ್ ಫ್ರೇಸರನಿಂದಲೇ. ಇದನ್ನು ನಾವು ನಿಂದೆಗಾಗಿ ಹೇಳುತ್ತಿಲ್ಲ. ಸಂಸಾರ ಸಾಕುವವನು ಹೊಲವನ್ನು ನೋಡಿಯೇ ಹೆಜ್ಜೆ ಇಡುತ್ತಾನೆ.

ಆದರೆ ದೇವರು ಭೂಮಿ ಹಂಚುವ ಅರಸನಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕದವರು. ಒಂದು ದಿನ ಅವರು ಹೆಚ್ಚು ಅಕ್ಕಿ ತಂದಾಗ, ಅದನ್ನು ಅಲ್ಲಿಯೇ ಸುರಿದು ಬರಬೇಕೆಂದು ಪತ್ನಿ ಲಕ್ಕಮ್ಮನವರು ಹಿಂದಕ್ಕೆ ಕಳಿಸಿದರೆಂದು ಶರಣ ಪರಂಪರೆ ನೆನೆಯುತ್ತದೆ. ಮನೆಯಲ್ಲಿ ಬಡತನವಿತ್ತು, ಆಸೆಗೆ ಮಾತ್ರ ಎಡೆಯಿರಲಿಲ್ಲ. ಹೆಚ್ಚಿನ ಅಕ್ಕಿಗೆ ಕೈ ಚಾಚಿದರೆ ಕಾಯಕವೇ ಕೂಲಿಯಾಗುವುದೆಂದು ಆ ತಾಯಿ ಅರಿತಿದ್ದರು.

ನಾವೇನು ಹುಟ್ಟಿನಿಂದ ನಿಷ್ಠಾವಂತರಲ್ಲ. ಬಾಲ್ಯದಲ್ಲಿ ಮಠದ ಮುಂಜಾನೆಯ ಪೂಜೆಗೆ ಓಡುತ್ತಿದ್ದುದು ಬಿಸಿ ಉಪ್ಪಿಟ್ಟಿನ ಆಸೆಗೆ. ಗುರುಗಳು ಇದನ್ನು ಬಲ್ಲರು. ಅವರು ಉಪ್ಪಿಟ್ಟನ್ನು ನಿಲ್ಲಿಸಲಿಲ್ಲ. ಪೂಜೆಗೆ ಬಾರದವನಿಗೂ ಅಷ್ಟೇ ಬಡಿಸತೊಡಗಿದರು. ಮಲಗಿದ್ದರೂ ಉಪ್ಪಿಟ್ಟು ಸಿಗುವುದೆಂದು ತಿಳಿದು ನಾವು ಕೆಲವು ದಿನ ಮಲಗಿಯೇ ಇದ್ದೆವು. ಆಮೇಲೊಂದು ದಿನ ನಾವಾಗಿಯೇ ಎದ್ದು ಹೋದೆವು. ಅಂದಿನಿಂದ ಆ ಪೂಜೆ ನಮ್ಮದಾಯಿತು.

ತಾಯಂದಿರೇ, ಮಕ್ಕಳಿಗೆ ಸಿಹಿ ಕೊಡಿ, ಬಹುಮಾನ ಕೊಡಿ. ಆದರೆ ಅದನ್ನು ಲಿಂಗಪೂಜೆಗೆ ಬೆಲೆಯಾಗಿ ಕಟ್ಟಬೇಡಿ. ಅಂಕ ಬರುವುದು ಓದಿನಿಂದ ಎಂದು ನೇರವಾಗಿ ಹೇಳಿರಿ. ಅವರ ಪಕ್ಕದಲ್ಲಿ ನೀವೂ ದಿನಕ್ಕೆ ಹತ್ತು ನಿಮಿಷ ಪೂಜೆಗೆ ಕುಳಿತುಕೊಳ್ಳಿರಿ. ಆ ಬಾಲಕನಿಗೂ ನಾವು ಹೇಳಿದ್ದು ಇಷ್ಟೇ: "ನಾಳೆ ನಮ್ಮ ಜೊತೆ ಕೂರಪ್ಪ, ಏನೂ ಸಿಗುವುದಿಲ್ಲ." ಮರುದಿನ ಬೆಳಿಗ್ಗೆ ಅವನು ಸ್ನಾನ ಮಾಡಿ, ವಿಭೂತಿ ಧರಿಸಿ ಬಂದು ಕುಳಿತ.