ಲಾಲ್‌ಬಾಗಿನ ಅರ್ಧಕ್ಕೂ ಕಿರಿದಾದ ದೇಶದೊಳಗೆ

ರೋಮ್ ನಗರದಲ್ಲಿ ಟೈಬರ್ ನದಿ ದಾಟಿ ಪಶ್ಚಿಮಕ್ಕೆ ನಡೆದರೆ ಅಗಲವಾದ ನೇರ ರಸ್ತೆ ಸಿಗುತ್ತದೆ. ಆ ರಸ್ತೆ ಮುಗಿಯುವಲ್ಲಿ ಇಟಲಿಯೂ ಮುಗಿಯುತ್ತದೆ. ಅಲ್ಲಿ ಗೇಟಿಲ್ಲ, ಪಾಸ್‌ಪೋರ್ಟ್ ಕೇಳುವವರಿಲ್ಲ. ನೆಲದ ಕಲ್ಲುಹಾಸಿನಲ್ಲಿ ಬಿಳಿಯದೊಂದು ಪಟ್ಟಿ ಇದೆ. ಅದೇ ಗಡಿ. ಜನ ಅದನ್ನು ಗಮನಿಸದೆ ದಾಟುತ್ತಿದ್ದರು. ನಾನು ಮಾತ್ರ ಒಂದು ಕಾಲು ಆಚೆ, ಒಂದು ಕಾಲು ಈಚೆ ಇಟ್ಟು ಸ್ವಲ್ಪ ಹೊತ್ತು ನಿಂತೆ. ಆಚೆ ಇರುವುದು ಪೋಪರ ದೇಶ, ಜಗತ್ತಿನ ಅತಿ ಚಿಕ್ಕ ಸಾರ್ವಭೌಮ ರಾಷ್ಟ್ರ. ವಿಸ್ತೀರ್ಣ ಸುಮಾರು 44 ಹೆಕ್ಟೇರ್, ಎಂದರೆ 109 ಎಕರೆ. ನಮ್ಮ ಲಾಲ್‌ಬಾಗ್ 240 ಎಕರೆ!

ಪಟ್ಟಿ ದಾಟಿದರೆ ದೊಡ್ಡ ಚೌಕ, ಅದರ ಕೊನೆಯಲ್ಲಿ ಚರ್ಚು. ಎರಡೂ ಬದಿಗೆ ಬಾಗಿದ ಮಂಟಪದಲ್ಲಿ 284 ಕಂಬಗಳು, ನಾಲ್ಕು ಸಾಲಾಗಿ. ನೆಲದಲ್ಲಿ ಗುರುತು ಮಾಡಿದ ದುಂಡು ಕಲ್ಲೊಂದರ ಮೇಲೆ ನಿಂತು ನೋಡಿದೆ. ನಾಲ್ಕು ಸಾಲೂ ಒಂದರ ಹಿಂದೆ ಒಂದು ಮರೆಯಾಗಿ ಒಂದೇ ಸಾಲಿನಂತೆ ಕಂಡವು. ನಡುವಿನ ಕೆಂಪು ಕಲ್ಲಿನ ಸ್ತಂಭ ಪ್ರಾಚೀನ ರೋಮನ್ನರು ಈಜಿಪ್ಟಿನಿಂದ ತಂದದ್ದು. ಈಗಿರುವ ಜಾಗದಲ್ಲಿ ಅದನ್ನು ನಿಲ್ಲಿಸಿದ್ದು 1586ರಲ್ಲಿ. ಇದಕ್ಕಿಂತ ಹೆಚ್ಚು ನನ್ನ ಗಮನ ಸೆಳೆದದ್ದು ಅಲ್ಲಿನ ಪೊಲೀಸರು. ನಿಂತದ್ದು ಪೋಪರ ನೆಲ, ತೊಟ್ಟದ್ದು ಇಟಲಿಯ ಸಮವಸ್ತ್ರ. ಇಟಲಿ ಮತ್ತು ಪೋಪರ ನಡುವಿನ 1929ರ ಒಪ್ಪಂದದ ಪ್ರಕಾರ ಚೌಕದ ಕಾವಲು ಸಾಮಾನ್ಯವಾಗಿ ಇಟಲಿಯದೇ. ಆದರೆ ಅವರ ಅಧಿಕಾರ ಚರ್ಚಿನ ಮೆಟ್ಟಿಲ ಬುಡಕ್ಕೆ ನಿಲ್ಲುತ್ತದೆ. ಕರೆಯದೆ ಮೇಲೆ ಹೋಗುವಂತಿಲ್ಲ.

ತಪಾಸಣೆಯ ಸಾಲು ದಾಟಿ ಮುಂದೆ ಹೋದರೆ ಚರ್ಚಿನ ಎಡಕ್ಕೆ ಕಮಾನಿನ ದ್ವಾರ. ನೀಲಿ, ಹಳದಿ, ಕೆಂಪು ಪಟ್ಟೆಗಳ ಉಡುಪಿನಲ್ಲಿ ಇಬ್ಬರು ಕಾವಲುಗಾರರು. 1506ರಿಂದ ಈ ಪಡೆಗೆ ಸ್ವಿಟ್ಜರ್ಲೆಂಡಿನವರನ್ನೇ ಸೇರಿಸಿಕೊಳ್ಳುತ್ತಾರೆ. ಕ್ಯಾಥೊಲಿಕ್ ಆಗಿರಬೇಕು, ತಮ್ಮ ದೇಶದ ಸೈನಿಕ ತರಬೇತಿ ಮುಗಿಸಿರಬೇಕು, ಎತ್ತರ ಕನಿಷ್ಠ 174 ಸೆಂಟಿಮೀಟರ್. ನಾನು ನೋಡುತ್ತಿದ್ದಂತೆ ಒಂದು ಕಾರು ನಿಧಾನವಾಗಿ ಬಂತು, ಅವರು ಸೆಟೆದು ವಂದಿಸಿದರು, ಕಾರು ಒಳಗೆ ಹೋಯಿತು. ನಿಜವಾದ ಗಡಿ ಇದೇ ಇರಬೇಕು ಅನಿಸಿತು.

ಒಳಗೆ ಕೆಲಸವಿಲ್ಲದವರು ಇಡೀ ದೇಶವನ್ನು ಒಂದೇ ನೋಟದಲ್ಲಿ ನೋಡಲು ಚರ್ಚಿನ ಗುಮ್ಮಟವೇ ಗತಿ. 551 ಮೆಟ್ಟಿಲು. ಕೊನೆಕೊನೆಗೆ ಗೋಡೆ ಓರೆಯಾಗಿ ಬಾಗುತ್ತದೆ, ನಾವೂ ಅದರ ಜೊತೆ ಓರೆಯಾಗಿಯೇ ಹತ್ತಬೇಕು. ಮೇಲೆ ಬಂದವರೆಲ್ಲ ಚೌಕದ ಕಡೆಗೆ ನುಗ್ಗಿದರು. ನಾನು ಹಿಂಬದಿಗೆ ಹೋದೆ. ಇಡೀ ದೇಶ ಕೆಳಗೆ ಹರಡಿತ್ತು. ಹೆಚ್ಚುಕಡಿಮೆ ಅರ್ಧ ಭಾಗ ತೋಟ. ನಡುವೆ ಆಡಳಿತದ ಕಟ್ಟಡ, ಬದಿಯಲ್ಲಿ ಪುಟ್ಟ ರೈಲು ನಿಲ್ದಾಣ. ಹಳಿಯ ಮೇಲೆ ಬೋಗಿಯೊಂದು ನಿಂತಂತೆ ಕಂಡಿತು. ಅಷ್ಟು ಎತ್ತರದಿಂದ ಖಚಿತವಾಗಿ ಹೇಳಲಾರೆ.

ಇಲ್ಲಿ ಯಾರೂ ಹುಟ್ಟಿನಿಂದ ಪ್ರಜೆಯಾಗುವುದಿಲ್ಲ. ಪೌರತ್ವ ಹುದ್ದೆಯೊಂದಿಗೆ ಬರುತ್ತದೆ, ಸಾಮಾನ್ಯವಾಗಿ ಹುದ್ದೆಯೊಂದಿಗೇ ಹೋಗುತ್ತದೆ. ಕೆಲಸದವರಲ್ಲಿ ಬಹುಪಾಲು ಜನ ಬೆಳಿಗ್ಗೆ ರೋಮಿನಿಂದ ಬಂದು ಸಂಜೆ ಮರಳುತ್ತಾರೆ. ಶಾಸನ, ಆಡಳಿತ, ನ್ಯಾಯ, ಮೂರೂ ಅಧಿಕಾರ ಒಬ್ಬರ ಕೈಯಲ್ಲಿ. ಆ ಒಬ್ಬರನ್ನು ಆರಿಸುವವರು 80 ದಾಟದ ಕಾರ್ಡಿನಲ್‌ಗಳು, ಮೂರನೇ ಎರಡರಷ್ಟು ಮತದಿಂದ. ಇದನ್ನು ದೇಶ ಎನ್ನಲೇ, ಒಂದು ಗುರುಪೀಠಕ್ಕೆ ಕಟ್ಟಿಕೊಟ್ಟ ಆವರಣ ಎನ್ನಲೇ? ಗುಮ್ಮಟದ ಮೇಲೆ ನಿಂತಾಗ ನನಗೆ ತೀರ್ಮಾನಿಸಲು ಆಗಲಿಲ್ಲ. 1870ರಲ್ಲಿ ಇಟಲಿ ರೋಮನ್ನು ವಶಪಡಿಸಿಕೊಂಡ ಮೇಲೆ ಪೋಪರು ದಶಕಗಳ ಕಾಲ ಈ ಗೋಡೆಗಳ ಆಚೆ ಕಾಲಿಡಲಿಲ್ಲ. ಯಾವ ಸರ್ಕಾರದ ಅಡಿಯಾಳೂ ಆಗದಿರಲು ಸ್ವಂತದ ಒಂದಿಷ್ಟು ನೆಲ ಬೇಕಿತ್ತು. 1929ರಲ್ಲಿ ಸಿಕ್ಕಿದ್ದು ಇಷ್ಟು.

ಇಳಿದು ಚೌಕದ ಅಂಚೆ ಕಚೇರಿಗೆ ಬಂದೆ. ಅಂಚೆಚೀಟಿ ಅವರದೇ, ಯೂರೋ ನಾಣ್ಯದ ಮೇಲಿನ ಮುದ್ರೆಯೂ ಅವರದೇ. ಈ ಚೀಟಿ ಅಂಟಿಸಿದ ಕಾಗದವನ್ನು ಇಲ್ಲಿನ ಪೆಟ್ಟಿಗೆಗೇ ಹಾಕಬೇಕು, ರೋಮಿನ ಪೆಟ್ಟಿಗೆಯಲ್ಲಿ ನಡೆಯದು. ಅಂಚೆಚೀಟಿ, ನಾಣ್ಯ, ಮ್ಯೂಸಿಯಂ ಟಿಕೆಟ್ ಈ ದೇಶದ ಆದಾಯದ ಮುಖ್ಯ ಮೂಲಗಳು. ಆದಾಯ ತೆರಿಗೆ ಇಲ್ಲ.

ಬಲಕ್ಕೆ ಹೊರಟು ಗೋಡೆಯ ಪಕ್ಕದಲ್ಲೇ ನಡೆದೆ. ದಾರಿಯಲ್ಲಿ ಇನ್ನೊಂದು ದ್ವಾರ. ಒಳಗಿನ ಔಷಧಿ ಅಂಗಡಿಗೆ ವೈದ್ಯರ ಚೀಟಿ ಹಿಡಿದು ರೋಮಿನವರೂ ಹೋಗುತ್ತಾರಂತೆ. ಮುಂದೆ ಮ್ಯೂಸಿಯಂ. ಅದರ ಬಗ್ಗೆ ಬರೆದವರು ಬಹಳ ಜನ. ನನಗೆ ಹೆಚ್ಚು ಹಿಡಿಸಿದ್ದು ಇಟಲಿಯ ಪ್ರಾಂತ್ಯಗಳ 40 ಭೂಪಟಗಳನ್ನು ಗೋಡೆಯ ಮೇಲೆ ಬರೆದಿರುವ ಉದ್ದನೆಯ ಹಜಾರ. ಕೊನೆಯಲ್ಲಿ ಬರುವ ಚಿತ್ರಿತ ಪ್ರಾರ್ಥನಾಲಯದಲ್ಲೇ ಹೊಸ ಪೋಪರ ಆಯ್ಕೆ ನಡೆಯುತ್ತದೆ. ಅಲ್ಲಿ ಫೋಟೊ ತೆಗೆಯುವಂತಿಲ್ಲ.

ಹೋಗುವವರಿಗೆ ಒಂದು ಮಾತು. ಇಟಲಿಗೆ ಪಡೆದ ವೀಸಾ ಸಾಕು. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಮ್ಯೂಸಿಯಂ ತಿಂಗಳ ಕೊನೆಯ ಭಾನುವಾರ ಬಿಟ್ಟರೆ ಉಳಿದ ಭಾನುವಾರ ಮುಚ್ಚಿರುತ್ತದೆ. ಕಾಲಲ್ಲಿ ಶಕ್ತಿ ಇದ್ದರೆ ಮೊದಲು ಗುಮ್ಮಟ ಹತ್ತಿ, ಹಿಂಬದಿಗೆ ಹೋಗಿ ನೋಡಿ.