ಏಣಿ ಮುಳುಗುವುದು ಯಾವಾಗ?

ದಸರಾ ರಜೆಗೆ ಬಂದಿದ್ದ ಮೊಮ್ಮಗಳಿಗೆ ಒಂದು ಹಳೆಯ ಒಗಟು ಹೇಳಿದೆ. ಮಕ್ಕಳೇ, ನೀವೂ ಯೋಚಿಸಿ.

ಬಂದರಿನಲ್ಲಿ ಒಂದು ಹಡಗು ತೇಲುತ್ತಿದೆ. ಪಕ್ಕದಲ್ಲಿ ಹಗ್ಗದ ಏಣಿ ಇಳಿಬಿಟ್ಟಿದ್ದಾರೆ. ಮೆಟ್ಟಿಲಿಂದ ಮೆಟ್ಟಿಲಿಗೆ ಒಂದು ಅಡಿ ಅಂತರ. ಕೊನೆಯ ಮೆಟ್ಟಿಲು ನೀರಿನ ಮಟ್ಟಕ್ಕೆ ಸರಿಯಾಗಿದೆ. ಸಮುದ್ರ ಉಬ್ಬರಿಸಿ ನೀರು ಗಂಟೆಗೆ ಅರ್ಧ ಅಡಿಯಂತೆ ಏರುತ್ತಿದೆ. ನಾಲ್ಕು ಗಂಟೆ ಕಳೆದ ಮೇಲೆ ಎಷ್ಟು ಮೆಟ್ಟಿಲು ಮುಳುಗಿರುತ್ತವೆ?

"ಎರಡು, ತಾತ!" ಎಂದಳು ತಕ್ಷಣ.

"ಒಂದೂ ಇಲ್ಲ! ನೀರು ಏರಿದರೆ ಹಡಗೂ ಏರುತ್ತೆ, ಏಣಿಯೂ ಏರುತ್ತೆ" ಎಂದು ನಾನು ಜೋರಾಗಿ ನಕ್ಕೆ. ಅವಳ ಮುಖ ಚಿಕ್ಕದಾಯಿತು. ಎದ್ದು ಒಳಗೆ ಹೋದಳು.

ಆಗ ನನಗೆ ನನ್ನ ಐದನೇ ತರಗತಿ ನೆನಪಾಯಿತು. ಇದೇ ಒಗಟಿಗೆ ಇದೇ ಉತ್ತರ ಕೊಟ್ಟು ಇಡೀ ತರಗತಿಯನ್ನು ನಗಿಸಿದ್ದೆ. ಆಮೇಲೆ ಎಷ್ಟೋ ದಿನ ಉತ್ತರ ಗೊತ್ತಿದ್ದರೂ ಕೈ ಎತ್ತಿರಲಿಲ್ಲ. ಅದೇ ತಪ್ಪನ್ನು ನಾನೂ ಮಾಡಿದೆನಲ್ಲ ಎನಿಸಿತು.

ಸ್ವಲ್ಪ ಹೊತ್ತಿಗೆ ಅವಳೇ ಹೊರಗೆ ಬಂದಳು. "ತಾತ, ಹಡಗು ತೇಲದೆ ನೆಲದ ಮೇಲೆ ಕೂತಿದ್ರೆ?"

ನನ್ನ ಬಳಿ ಉತ್ತರ ಸಿದ್ಧವಿರಲಿಲ್ಲ. "ಬಾ ಪುಟ್ಟಿ, ನೋಡೇ ಬಿಡೋಣ" ಎಂದೆ. ಒಂದು ಸ್ಟೀಲ್ ಡಬ್ಬಿಯ ಹೊರಗೆ ಬೆರಳಗಲಕ್ಕೊಂದು ಗೆರೆ ಎಳೆದೆವು. ಒಳಗೆ ಒಂದು ಹಿಡಿ ಚಿಲ್ಲರೆ ಹಾಕಿ ಖಾಲಿ ಬಕೆಟ್ಟಿನಲ್ಲಿಟ್ಟು, ಮೆಲ್ಲಗೆ ನೀರು ಸುರಿದೆವು. ಮೊದಲು ಡಬ್ಬಿ ಅಲ್ಲಾಡಲಿಲ್ಲ. ಒಂದು ಗೆರೆ ಮುಳುಗಿತು, ಎರಡು ಮುಳುಗಿತು. ಮೂರನೆಯದರ ಹತ್ತಿರ ನೀರು ಬಂದಾಗ ಡಬ್ಬಿ ಮೆಲ್ಲಗೆ ಮೇಲೆದ್ದಿತು. ಆಮೇಲೆ ಎಷ್ಟು ನೀರು ಸುರಿದರೂ ಇನ್ನೊಂದು ಗೆರೆ ಮುಳುಗಲಿಲ್ಲ!

ಕಾರಣ ಸರಳ. ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಆರ್ಕಿಮಿಡೀಸ್ ಕಂಡುಕೊಂಡ ನಿಯಮದಿಂದ ಬರುವ ಮಾತಿದು. ಅಷ್ಟು ನೀರನ್ನು ತಳ್ಳುವವರೆಗೆ ಡಬ್ಬಿ ನೆಲ ಬಿಡುವುದಿಲ್ಲ. ತೇಲಿದ ಮೇಲೆ ಇನ್ನಷ್ಟು ಮುಳುಗುವುದೂ ಇಲ್ಲ.

ಹಡಗು ನೆಲದ ಮೇಲೆ ಕೂರುವ ಜಾಗವೂ ನಮ್ಮ ದೇಶದಲ್ಲಿದೆ. ಗುಜರಾತಿನ ಅಲಂಗ್‌ನಲ್ಲಿ 1983ರಿಂದ ಹಳೆಯ ಹಡಗುಗಳನ್ನು ಒಡೆಯುತ್ತಾರೆ. ಚಂದ್ರ ಸೂರ್ಯರ ಸೆಳೆತದಿಂದ ಸಮುದ್ರ ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಉಬ್ಬುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಹೆಚ್ಚು. ನಮ್ಮ ಕರಾವಳಿಯಲ್ಲಿ ಉಬ್ಬರ ಇಳಿತಗಳ ನಡುವಿನ ಅಂತರ ಒಂದೂವರೆ ಮೀಟರಿನ ಆಸುಪಾಸು. ಅಲಂಗ್ ಇರುವ ಖಂಭಾತ್ ಕೊಲ್ಲಿಯಲ್ಲಿ ಅದು 10 ಮೀಟರಿನಷ್ಟಾಗುವುದುಂಟು. ದೊಡ್ಡ ಉಬ್ಬರದಲ್ಲಿ ಹಡಗನ್ನು ದಡಕ್ಕೆ ಓಡಿಸುತ್ತಾರೆ. ನೀರು ಇಳಿದಾಗ ಅದು ಕೆಸರಿನಲ್ಲಿ ಕೂತುಬಿಡುತ್ತದೆ. ಅಂಥ ಹಡಗಿನ ಏಣಿ ಮುಂದಿನ ಉಬ್ಬರದಲ್ಲಿ ಮುಳುಗಬಹುದು, ನಮ್ಮ ಡಬ್ಬಿಯ ಗೆರೆಗಳಂತೆ.

ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಕೂಡಿಸಿದವನು ನಾನು. ಮೊಮ್ಮಗಳ ಗುಣಾಕಾರ ಸರಿಯಾಗಿಯೇ ಇತ್ತು. ಹಡಗು ತೇಲುತ್ತಿದೆ ಎಂಬ ಮಾತನ್ನಷ್ಟೇ ಬಿಟ್ಟಿದ್ದಳು. ಒಗಟು ಹೇಳಿದ ನಾನೋ, ತೇಲದಿದ್ದರೆ ಏನಾಗುತ್ತದೆ ಎಂದು ಅರವತ್ತು ವರ್ಷವಾದರೂ ಕೇಳಿರಲಿಲ್ಲ.

"ನಕ್ಕಿದ್ದು ತಪ್ಪಾಯ್ತು ಪುಟ್ಟಿ" ಎಂದೆ.

ಡಬ್ಬಿಯೊಳಗಿನ ಚಿಲ್ಲರೆಯನ್ನೆಲ್ಲ ಜೇಬಿಗೆ ಹಾಕಿಕೊಂಡು, "ಪರವಾಗಿಲ್ಲ ತಾತ" ಎಂದಳು.